ಮಾಂತ್ರಿಕರಿಗೆ ಮಾತ್ರ ಯಾಕೆ ಇಷ್ಟೊಂದು ರೂಲ್ಸು?

ಭಾನುವಾರ ನಮ್ಮ ಮನೆಯಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ನಡೆಯುತ್ತದೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಡೈಸ್ ಉರುಳಿಸುತ್ತಾ ಕಥೆ ಆಡುವ ಆಟ. ಆಟ ನಡೆಸುವವನು, ಅಂದರೆ ಡಿಎಂ, ನಾನು. ಹೊಸಬರು ಬರುವ ಮುಂಚೆ ನಮ್ಮ ಮನೆ ರೂಲ್ಸ್ ಇರುವ ಒಂದು ಪುಟವನ್ನು ವಾಟ್ಸಾಪ್ ಮಾಡುತ್ತೇನೆ. ಓದಿ ಮುಗಿಸಿದ ಕೂಡಲೇ ಮೆಸೇಜ್ ಬರುತ್ತದೆ: "ಸುಮ್ನೆ ಕೇಳ್ತಾ ಇದೀನಿ, ಮಾಂತ್ರಿಕರಿಗೆ ಮಾತ್ರ ಯಾಕೆ ಇಷ್ಟೊಂದು ರೂಲ್ಸು?"

ಹೀಗೆ ಕೇಳುವವರು ಯಾರೂ ಸುಮ್ನೆ ಕೇಳುವುದಿಲ್ಲ. ಅವರ ವಿಜಾರ್ಡ್‌ನ ಹೆಸರು, ಗಡ್ಡದ ಬಣ್ಣ, ಸಾಕಿದ ಗೂಬೆಯ ಹೆಸರು, ಎಲ್ಲಾ ಆಗಲೇ ರೆಡಿ ಇರುತ್ತದೆ. ಕೆಲವರು ಇನ್ನೂ ನೇರ. "ಯಾಕೆ ಗುರು, ವಿಜಾರ್ಡ್ ಕಂಡ್ರೆ ಆಗಲ್ವಾ ನಿನಗೆ?" ಚೆನ್ನಾಗೇ ಆಗುತ್ತದೆ. ಬೇರೆಯವರು ಆಟ ನಡೆಸಿದರೆ ನಾನು ವಿಜಾರ್ಡೇ ಆಡುವುದು ಜಾಸ್ತಿ. ಅದಕ್ಕೇ ಗೊತ್ತು, ನಾವು ಎಂಥ ಜನ ಅಂತ.

ಪುಟದಲ್ಲಿ ಮುಖ್ಯವಾಗಿ ಇರುವುದು ಇಷ್ಟು. ಕಾಡಿನಲ್ಲೋ ಗುಹೆಯಲ್ಲೋ ರಾತ್ರಿ ಮಲಗಿದರೆ ಅದು ಶಾರ್ಟ್ ರೆಸ್ಟ್, ಅಂದರೆ ಸಣ್ಣ ವಿಶ್ರಾಂತಿ, ಮಾತ್ರ. ಟೈನಿ ಹಟ್ ಮಂತ್ರ ಹಾಕಿಕೊಂಡು ಒಳಗೆ ಬೆಚ್ಚಗೆ ಮಲಗಿದರೂ ಅಷ್ಟೇ. ಖರ್ಚಾದ ಮಂತ್ರಶಕ್ತಿ ಪೂರ್ತಿ ವಾಪಸ್ ಬರುವ ಲಾಂಗ್ ರೆಸ್ಟ್ ಬೇಕಾದರೆ ಊರಿಗೆ ಬಂದು ಚಿಲಕ ಇರುವ ಕೋಣೆಯಲ್ಲಿ ಮಲಗಬೇಕು. ಸ್ಪೆಲ್ ಪಾಯಿಂಟ್ ಇಲ್ಲ. ಸಿಲ್ವರಿ ಬಾರ್ಬ್ಸ್ ಅನ್ನುವ ಮಂತ್ರ ಇಲ್ಲ. ನಿಮ್ಮ ಸರದಿ ಬಂದ ಮೇಲೆ ಪುಸ್ತಕ ತಿರುವುತ್ತಾ ಕೂರುವಂತಿಲ್ಲ. ಬೆಲೆ ಬರೆದಿರುವ ಸಾಮಗ್ರಿಯನ್ನು ಮೊದಲೇ ಕೊಂಡಿಟ್ಟಿರಬೇಕು. ಸತ್ತವನನ್ನು ಎಬ್ಬಿಸುವ ರಿವಿವಿಫೈಗೆ 300 ಚಿನ್ನದ ನಾಣ್ಯದ ವಜ್ರ ಬೇಕು, ಒಂದು ಸಲಕ್ಕೆ ಅದು ಖರ್ಚು. ಇದು ನನ್ನ ರೂಲೇ ಅಲ್ಲ, ಪುಸ್ತಕದಲ್ಲೇ ಇದೆ. ಬೈಗುಳ ಮಾತ್ರ ನನಗೆ.

ಸ್ಪೆಲ್ ಪಾಯಿಂಟ್ ವಿಷಯ ಒಂದು ಸಲ ಹೇಳಿ ಮುಗಿಸುತ್ತೇನೆ. ವಿಡಿಯೋ ಗೇಮ್ ಆಡಿ ಬಂದವರಿಗೆ ಮಂತ್ರಶಕ್ತಿ ತೋರಿಸುವ ನೀಲಿ ಪಟ್ಟಿ ಕಾಣದಿದ್ದರೆ ಸಮಾಧಾನ ಇಲ್ಲ. "ಸ್ಲಾಟ್ ಅಂದ್ರೇನು, ಪಾಯಿಂಟ್ ಕೊಡಿ, ನಮಗೆ ಬೇಕಾದ ಹಾಗೆ ಖರ್ಚು ಮಾಡ್ತೀವಿ" ಅನ್ನುತ್ತಾರೆ. ಸ್ಲಾಟ್ ಅಂದರೆ ಆ ಹಂತದ ಮಂತ್ರವನ್ನು ಒಂದು ಸಲ ಹಾಕುವ ಅವಕಾಶ. ನಾವು ಆಡುವುದು 2014ರ ರೂಲ್ಸ್. ಅದರಲ್ಲಿ 5ನೇ ಲೆವೆಲ್‌ನ ವಿಜಾರ್ಡ್‌ಗೆ ಮೊದಲ ಹಂತದ ಸ್ಲಾಟ್ 4, ಎರಡನೆಯದು 3, ಮೂರನೆಯದು 2. ಅಂದರೆ ದಿನಕ್ಕೆ ಮೂರನೇ ಹಂತದ ಎರಡು ಫೈರ್‌ಬಾಲ್. ಅದೇ ವರ್ಷದ ಡಿಎಂ ಪುಸ್ತಕದಲ್ಲಿ ಪಾಯಿಂಟ್ ಲೆಕ್ಕವೂ ಇದೆ: ಅದೇ ವಿಜಾರ್ಡ್‌ಗೆ 27 ಪಾಯಿಂಟ್, ಮೂರನೇ ಹಂತದ ಮಂತ್ರಕ್ಕೆ 5. ಭಾಗಿಸಿ ನೋಡಿ. ಐದು ಫೈರ್‌ಬಾಲ್, ಮಿಕ್ಕ ಎರಡಕ್ಕೆ ಒಂದು ಮ್ಯಾಜಿಕ್ ಮಿಸೈಲ್. ಒಂದೊಂದು ಫೈರ್‌ಬಾಲ್‌ಗೂ ಎಂಟೆಂಟು ಡೈಸ್. "ನಮಗೆ ಬೇಕಾದ ಹಾಗೆ" ಅಂದರೆ ಇದು.

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಗೆಳೆಯನೊಬ್ಬ ಪಾಯಿಂಟ್ ಇಟ್ಟು ಆಡಿಸುತ್ತಿದ್ದ. ನನ್ನದು ರೋಗ್, ಅಂದರೆ ಕಳ್ಳನ ಪಾತ್ರ; ಪಕ್ಕದಲ್ಲಿ ಕೂತಿದ್ದವಳದ್ದು ಕತ್ತಿ ಹಿಡಿದು ಹೋರಾಡುವ ಫೈಟರ್. ಕೆಂಗೇರಿಯಿಂದ ವೈಟ್‌ಫೀಲ್ಡ್‌ವರೆಗೆ ಮೆಟ್ರೋದಲ್ಲಿ ಬಂದಿದ್ದಳು. ಹೊಸ ಡೈಸ್ ಸೆಟ್ ಬೇರೆ. ಟಿಶ್ಯೂ ಹಾಸಿ ಅದರ ಮೇಲೆ ಸೈಜ್ ಪ್ರಕಾರ ಜೋಡಿಸಿಟ್ಟಿದ್ದಳು. ಹಳ್ಳಿಯ ಹುಡುಗನೊಬ್ಬನನ್ನು ಗಾಬ್ಲಿನ್‌ಗಳು ಹೊತ್ತೊಯ್ದಿದ್ದವು, ನಾವು ಗುಹೆಗೆ ನುಗ್ಗಿ ಬಿಡಿಸಬೇಕು. ಮೊದಲ ಕೋಣೆ, ಫೈರ್‌ಬಾಲ್. ಎರಡನೇ ಕೋಣೆ, ಎರಡು ಫೈರ್‌ಬಾಲ್. ಮೂರನೆಯದರಲ್ಲೂ ಎರಡು. ಫೈಟರ್ ಓಡಿ ಹೋಗಿ ನಿಲ್ಲುವಷ್ಟರಲ್ಲಿ ಹೊಡೆಯಲು ಯಾರೂ ಉಳಿದಿರುತ್ತಿರಲಿಲ್ಲ. ಅವಳು ಆರು ಮುಖದ ಡೈಸ್ ಮೇಲೆ ಎಂಟು ಮುಖದ್ದನ್ನು ನಿಲ್ಲಿಸುವುದಕ್ಕೆ ನೋಡುತ್ತಿದ್ದಳು.

ಆಟದೊಳಗೆ ಆಗ ಬೆಳಗ್ಗೆ ಹತ್ತು ಗಂಟೆ. ವಿಜಾರ್ಡ್ ಆಡುತ್ತಿದ್ದವನು ಅಂದ, "ನಂದು ಖಾಲಿ. ಮಲಗೋಣ."

24 ಗಂಟೆಗೆ ಒಂದೇ ಲಾಂಗ್ ರೆಸ್ಟ್. ಹಾಗಾಗಿ ರಾತ್ರಿ ಆಗುವವರೆಗೆ ಕಾಯಬೇಕು. ಹುಡುಗ ಒಳಗೆ, ನಾವು ಹೊರಗೆ ಮರದ ಕೆಳಗೆ. "ಸರಿ, ನಾನೀಗ ಏನ್ ಮಾಡ್ಲಿ?" ಅಂತ ಇವಳು ಕೇಳಿದಳು. ಅವನು ಫೋನಿನಿಂದ ತಲೆ ಎತ್ತದೆ, "ನೀನು ಕಾವಲು ಕಾಯಿ" ಅಂದ. ಅವಳು ಪರ್ಸೆಪ್ಶನ್‌ಗೆ (ಸುತ್ತ ಏನಿದೆ ಅಂತ ಗಮನಿಸುವುದಕ್ಕೆ) ಡೈಸ್ ಉರುಳಿಸಿದಳು. 20ಕ್ಕೆ 19 ಬಿತ್ತು. "ಏನೂ ಕಾಣಿಸ್ತಾ ಇಲ್ಲ" ಅಂದ ಡಿಎಂ.

ಗಲ್ಲಿ ಕ್ರಿಕೆಟ್‌ನಲ್ಲಿ ಬ್ಯಾಟ್ ತಂದವನು ತನಗೆ ಸಾಕಾಗುವವರೆಗೂ ಆಡಿ, ಸಾಕಾದ ಮೇಲೆ ಬ್ಯಾಟ್ ಎತ್ತಿಕೊಂಡು ಮನೆಗೆ ಹೋಗುತ್ತಾನಲ್ಲ, ಇದೂ ಹಾಗೇ. ಆದರೆ ಆ ವಿಜಾರ್ಡ್ ಕೆಟ್ಟವನೇನಲ್ಲ. ಅವನ ಜಾಗದಲ್ಲಿ ನಾನಿದ್ದರೂ ಅದೇ ಮಾಡುತ್ತಿದ್ದೆ. ತೊಂದರೆ ಇರುವುದು ಲೆಕ್ಕದಲ್ಲಿ. ಒಂದು ದಿನಕ್ಕೆ ಆರರಿಂದ ಎಂಟು ಕಾಳಗ ನಡೆಯುತ್ತವೆ ಅಂತ 2014ರ ಡಿಎಂ ಪುಸ್ತಕ ಲೆಕ್ಕ ಹಾಕುತ್ತದೆ. ಭಾನುವಾರ ಮಧ್ಯಾಹ್ನ ಸೇರಿ, ತಿಂಡಿ ತಿಂದು, ಹೋದ ವಾರ ಏನಾಯ್ತು ಅಂತ ನೆನಪು ಮಾಡಿಕೊಂಡು ಶುರು ಮಾಡುವವರಿಗೆ ಎರಡು ಮುಗಿದರೆ ಹೆಚ್ಚು. ಎಂಟಕ್ಕೆ ಕೊಟ್ಟ ಸ್ಲಾಟ್ ಎರಡಕ್ಕೆ ಸುರಿದರೆ ಮಿಕ್ಕವರಿಗೆ ಕಾವಲು ಕೆಲಸವೇ ಗತಿ. ಒಂದೇ ಒಂದು ಬಿಟ್ಟರೆ (ಅದನ್ನು ಕೊನೆಯಲ್ಲಿ ಹೇಳುತ್ತೇನೆ) ನಾನು ಯಾವ ಮಂತ್ರದ ಶಕ್ತಿಯನ್ನೂ ಕಮ್ಮಿ ಮಾಡಿಲ್ಲ. ದಿನವನ್ನು ಉದ್ದ ಮಾಡಿದ್ದೇನೆ, ಅಷ್ಟೇ.

ಇನ್ನೊಂದು ಬಗೆಯ ಮಾಂತ್ರಿಕ ವಾರ್ಲಾಕ್, ಅದನ್ನು ಆಡುವವರು ಒಬ್ಬರೂ ಈ ಪ್ರಶ್ನೆ ಕೇಳಿಲ್ಲ, ಗಮನಿಸಿ. ಅವರ ಎರಡು ಸ್ಲಾಟ್ ಶಾರ್ಟ್ ರೆಸ್ಟ್‌ಗೇ ವಾಪಸ್ ಬರುತ್ತವೆ. ನನ್ನ ಕಾಡಿನಲ್ಲಿ ಅವರೇ ರಾಜರು. ವಿಜಾರ್ಡ್‌ಗಳಿಗೂ ಆರ್ಕೇನ್ ರಿಕವರಿ ಇದೆ. ದಿನಕ್ಕೊಂದು ಸಲ, ಶಾರ್ಟ್ ರೆಸ್ಟ್ ಆದ ಮೇಲೆ, 5ನೇ ಲೆವೆಲ್‌ನವನಿಗೆ ಒಂದು ಮೂರನೇ ಹಂತದ ಸ್ಲಾಟ್ ಸಿಗುತ್ತದೆ. ಕಾಡಿನಲ್ಲಿ ಮಲಗಿ ಎದ್ದರೂ ದಿನಕ್ಕೊಂದು ಫೈರ್‌ಬಾಲ್ ಗ್ಯಾರಂಟಿ. ಜಗಳಕ್ಕೆ ಬರುವವರಲ್ಲಿ ಅರ್ಧ ಜನ ತಮ್ಮದೇ ಪಾತ್ರದ ಕ್ಲಾಸ್‌ನ ಆ ಪುಟ ಓದಿರುವುದಿಲ್ಲ.

ನನ್ನನ್ನು ಯಾರಾದರೂ "ಈ ರೂಲ್ಸ್‌ನಿಂದ ಫೈಟರ್‌ಗೆ ಏನು ಸಿಕ್ತು?" ಅಂತ ಕೇಳಬಾರದಾ? ಅದಕ್ಕೆ ಉತ್ತರ ಹೇಳಲು ನನಗೂ ಖುಷಿ. ಫೈಟರ್‌ನ ವಿಶೇಷ ಶಕ್ತಿಗಳಾದ ಆಕ್ಷನ್ ಸರ್ಜ್ (ಹೆಚ್ಚುವರಿ ಕ್ರಿಯೆ), ಸೆಕೆಂಡ್ ವಿಂಡ್ (ಚೇತರಿಕೆ) ಎರಡೂ ಶಾರ್ಟ್ ರೆಸ್ಟ್‌ಗೆ ಮರಳುತ್ತವೆ. ವಿಜಾರ್ಡ್ ಉಳಿದ ಸ್ಲಾಟ್ ಎಣಿಸುತ್ತಾ ಕೂತಿರುವ ಮೂರನೇ ದಿನವೂ ಫೈಟರ್ ಬೆಳಗ್ಗೆ ಎದ್ದು ಕತ್ತಿ ಒರೆಸಿಕೊಂಡು ಮುಂದೆ ನಡೆಯುತ್ತಾಳೆ. ಆದರೆ ಗಾಯ ಬೇಗ ವಾಸಿ ಆಗುವುದಿಲ್ಲ. ಅದಕ್ಕೆ ಕಾಡಿನ ರಾತ್ರಿಗೂ ಒಂದು ಹಿಟ್ ಡೈ (ಗಾಯ ವಾಸಿ ಮಾಡಿಕೊಳ್ಳಲು ಉರುಳಿಸುವ ಡೈಸ್) ವಾಪಸ್ ಕೊಡುತ್ತೇನೆ. ಮಾಂತ್ರಿಕರ ಕವಚದ ಮಂತ್ರ ಮೇಜ್ ಆರ್ಮರ್ ಇರುವುದು ಪುಸ್ತಕದಲ್ಲಿ 8 ಗಂಟೆ, ನಮ್ಮಲ್ಲಿ 24. ಇದೂ ಅದೇ ಪುಟದಲ್ಲಿದೆ, ದಪ್ಪ ಅಕ್ಷರದಲ್ಲಿ. ಇದರ ಬಗ್ಗೆ ಇದುವರೆಗೆ ಒಂದು ಮೆಸೇಜೂ ಬಂದಿಲ್ಲ.

ಜಗಳ ಆಡಲೇಬೇಕು ಅಂದರೆ ಎದುರಾಳಿಯ ಮಂತ್ರವನ್ನು ತಡೆಯುವ ಕೌಂಟರ್‌ಸ್ಪೆಲ್ ಬಗ್ಗೆ ಆಡಿ. ಹಳೇ ರೂಲ್‌ನಲ್ಲಿ ಎದುರಾಳಿಯ ಮಂತ್ರ ಮೂರನೇ ಹಂತದ್ದೋ ಅದಕ್ಕಿಂತ ಕೆಳಗಿನದೋ ಆದರೆ ಅಲ್ಲೇ ಠುಸ್. 2024ರಲ್ಲಿ ಅದನ್ನು ಬದಲಾಯಿಸಿದರು: ಮಂತ್ರ ಹಾಕುವವನು ಕಾನ್‌ಸ್ಟಿಟ್ಯೂಶನ್ ಸೇವ್ (ದೇಹದ ಗಟ್ಟಿತನದ ಮೇಲೆ ಡೈಸ್ ಉರುಳಿಸುವ ಪರೀಕ್ಷೆ) ಮಾಡಬೇಕು, ಸೋತರೆ ಮಾತ್ರ ಮಂತ್ರ ಠುಸ್, ಆದರೂ ಅವನ ಸ್ಲಾಟ್ ಉಳಿಯುತ್ತದೆ. ಅದೊಂದನ್ನು ಮಾತ್ರ ಹೊಸ ಪುಸ್ತಕದಿಂದ ತಂದು ನಮ್ಮ ಆಟಕ್ಕೆ ಸೇರಿಸಿದ್ದೇನೆ. "ದೊಡ್ಡ ರಾಕ್ಷಸರಿಗೆಲ್ಲ ಆ ಸೇವ್ ಜೋರಾಗಿರುತ್ತೆ, ಲಾಭ ನಿಮ್ಮ ಕಡೆಗೇ ಅಲ್ವಾ?" ಅಂತ ನಮ್ಮಲ್ಲಿ ಸಾರ್ಸರರ್ (ಅದೂ ಒಂದು ಬಗೆಯ ಮಾಂತ್ರಿಕ) ಆಡುವವನು ಹೋದ ಸಲ ಕೇಳಿದ. ಹೌದು, ನನ್ನ ಕಡೆಗೇ, ರಾಕ್ಷಸರನ್ನು ಆಡಿಸುವವನು ನಾನೇ ತಾನೇ. ಡ್ರಾಗನ್ ಬರಲಿ, ಆಮೇಲೆ ನೋಡೋಣ ಅಂದಿದ್ದೇನೆ.