ಎಂಎಸ್ಸಿಯಾ, ಎಂಬಿಎಯಾ ಅಂತ ಕೇಳಿದ ತಮ್ಮನಿಗೆ

ಮೂರು ದಿನದ ಹಿಂದೆ ಕಾರವಾರದಿಂದ ಚಿಕ್ಕಮ್ಮನ ಮಗ ಫೋನ್ ಮಾಡಿದ್ದ. ಬಿಎಸ್ಸಿ ಮುಗಿಸಿದ್ದಾನೆ, ಪ್ರಾಣಿಶಾಸ್ತ್ರ ಮತ್ತು ರಸಾಯನಶಾಸ್ತ್ರ. "ಅಕ್ಕಾ, ಎಂಎಸ್ಸಿ ಮಾಡ್ಲಾ, ಎಂಬಿಎ ಮಾಡ್ಲಾ?" ಅಂದ. ಎರಡನ್ನೂ ಸೇರಿಸಿ ಓದೋ ಕೋರ್ಸುಗಳಿವೆ, ನಾನು ಪುಣೆಗೆ ಹೋಗಿ ಓದಿದ್ದು ಅದನ್ನೇ ಅಂದೆ. "ಹಾಗಂದ್ರೆ ಎರಡೂ ಅರ್ಧರ್ಧ ಅಲ್ವಾ?" ಅಂತ ಕೇಳಿದ. ಫೋನಿನಲ್ಲಿ ಸರಿಯಾಗಿ ಉತ್ತರ ಹೇಳೋಕೆ ಆಗಲಿಲ್ಲ. ಇದೇ ಅನುಮಾನ ಇರುವವರು ನಮ್ಮ ಜಿಲ್ಲೆಯಲ್ಲಿ ಇನ್ನೂ ಎಷ್ಟೋ ಜನ ಇರುತ್ತಾರೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಉಪ್ಪಾಗೆ ಅನ್ನುವ ಹುಳಿ ಹಣ್ಣಿನಿಂದ ಶುರು ಮಾಡುತ್ತೇನೆ. ನಮ್ಮ ಮನೆ ಸಿರಸಿಯಿಂದ ಕುಮಟಾ ರಸ್ತೆಯಲ್ಲಿ, ಘಟ್ಟ ಇಳಿಯುವುದಕ್ಕೆ ಸ್ವಲ್ಪ ಮುಂಚೆ. ಮಳೆ ಹಿಡಿದ ಮೇಲೆ ಬೆಟ್ಟದಲ್ಲಿ ಉಪ್ಪಾಗೆ ಹಣ್ಣಾಗುತ್ತದೆ. ಹಳದಿ ಬಣ್ಣ, ಮೈಯೆಲ್ಲ ಏಣು ಏಣು, ಪುಟ್ಟ ಕುಂಬಳಕಾಯಿಯ ಹಾಗೆ. ಬೀಜ ತೆಗೆದು ಸಿಪ್ಪೆ ಒಣಗಿಸಬೇಕು, ಆದರೆ ಆ ಮಳೆಯಲ್ಲಿ ಬಿಸಿಲೆಲ್ಲಿ? ಅಟ್ಟದ ಮೇಲೆ ಹರಡಿ ಕೆಳಗೆ ಬೆಂಕಿ ಹಾಕುತ್ತಿದ್ದೆವು. ಸಿಪ್ಪೆ ಕಪ್ಪಾಗಿ, ಚರ್ಮದ ಹಾಗೆ ಬಗ್ಗುವವರೆಗೆ ಸೌದೆ ಉರಿಯುತ್ತಲೇ ಇರಬೇಕು. ಶಾಲೆಯ ಯೂನಿಫಾರ್ಮಿಗೂ ಆ ಹುಳಿ ಹೊಗೆಯ ವಾಸನೆ ಇರುತ್ತಿತ್ತು.

1990ರ ದಶಕದಲ್ಲಿ ಈ ಸಿಪ್ಪೆಗೆ ಒಮ್ಮೆಗೇ ಬೇಡಿಕೆ ಬಂತು. ಹೊರದೇಶದಲ್ಲಿ ತೂಕ ಇಳಿಸುವ ಮಾತ್ರೆಗೆ ಹೋಗುತ್ತದಂತೆ ಅಂತ ಜನ ಹೇಳುತ್ತಿದ್ದರು. ಹಣ್ಣಿನ ಆತುರಕ್ಕೆ ಕಾಡಿನಲ್ಲಿ ಟೊಂಗೆಯನ್ನೇ ಕಡಿದವರೂ ಇದ್ದರು. ದರ ಯಾಕೆ ಏರುತ್ತದೆ, ಯಾಕೆ ಇಳಿಯುತ್ತದೆ ಅಂತ ಅಪ್ಪನಿಗೆ ಗೊತ್ತಿರಲಿಲ್ಲ. ವ್ಯಾಪಾರಿ ಹೇಳಿದ್ದೇ ದರ. ತೇವ ಇದೆ ಅಂತ ಅವನು ತೂಕ ಕಡಿದರೆ ಅದೂ ಸರಿ.

ಆಮೇಲೆ ಓದುವಾಗ ಗೊತ್ತಾಯಿತು. ಉಪ್ಪಾಗೆಯಲ್ಲಿರುವ ಮುಖ್ಯ ಆಮ್ಲ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಅಂತ 1965ರಲ್ಲೇ ಗುರುತಿಸಿದವರು ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿದರು, ಕೆಲವರಿಗೆ ಇದರ ಸತ್ವ, ಕೆಲವರಿಗೆ ಬರೀ ಹುಸಿ ಮಾತ್ರೆ. ತೂಕ ಇಳಿಯುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಮರ ನಮ್ಮ ಬೆಟ್ಟದ್ದು, ಆಮ್ಲ ಗುರುತಿಸಿದ್ದು ಮೈಸೂರಿನಲ್ಲಿ, ಮಾತ್ರೆ ಮಾರಿ ದುಡ್ಡು ಮಾಡಿದವರು ಇನ್ನೆಲ್ಲೋ. ಪ್ರಯೋಗಾಲಯದ ವರದಿ ಮತ್ತು ವ್ಯಾಪಾರಿಯ ಚೀಟಿ ಎರಡನ್ನೂ ಓದಿ, ಇದನ್ನು ಇಷ್ಟು ನಂಬಬಹುದು, ಇಷ್ಟು ನಂಬಬೇಡಿ ಅಂತ ಹೇಳುವವರು ನಮ್ಮ ಊರಿನಲ್ಲಿ ಒಬ್ಬರೂ ಇರಲಿಲ್ಲ. ಈ ಕೊರತೆ ನನಗೆ ಇವತ್ತಿಗೂ ನೋವು ಕೊಡುತ್ತದೆ.

ಇನ್ನೊಂದು ನನ್ನದೇ ಅನುಭವ. ಎಂಎಸ್ಸಿ ಮುಗಿಸಿ ಮನೆಗೆ ಬಂದ ವರ್ಷ ಅಮ್ಮನೂ ನಾನೂ ಮುರುಗಲು, ಅಂದರೆ ಕೋಕಂ ಹಣ್ಣಿನ ಸಿರಪ್ ಮಾಡಿದೆವು. ಹಣ್ಣು ಸೀಳಿ, ಬೀಜ ತೆಗೆದು, ಸಿಪ್ಪೆ ಸಕ್ಕರೆ ಸಿಪ್ಪೆ ಸಕ್ಕರೆ ಅಂತ ಭರಣಿಯಲ್ಲಿ ಪದರ ಹಾಕಿ ಬಿಸಿಲಿಗೆ ಇಟ್ಟರೆ ನಾಲ್ಕೈದು ದಿನಕ್ಕೆ ಕಡುಕೆಂಪು ರಸ ಇಳಿಯುತ್ತದೆ. ಬೆಂಗಳೂರಿನ ಒಂದು ಅಂಗಡಿಯವರು ಸಿಹಿ ಜಾಸ್ತಿ ಆಯ್ತು, ಕಡಿಮೆ ಮಾಡಿ ಕಳಿಸಿ ಅಂದರು. ಅದು ವ್ಯಾಪಾರದ ಮಾತು ಅಂತ ಹೂಂ ಅಂದೆ. 65 ಬ್ರಿಕ್ಸ್, ಅಂದರೆ ನೂರು ಗ್ರಾಮಿಗೆ ಸುಮಾರು 65 ಗ್ರಾಂ ಸಕ್ಕರೆ ಇದ್ದ ಸಿರಪ್ಪನ್ನು 50ಕ್ಕೆ ಇಳಿಸಿ 48 ಬಾಟಲಿ ಬಸ್ಸಿಗೆ ಹಾಕಿದೆವು. ಎರಡು ವಾರದಲ್ಲಿ ಫೋನ್ ಬಂತು, ಬಾಟಲಿ ಉಬ್ಬಿವೆ, ಮುಚ್ಚಳ ಹಾರಿವೆ, ಕಪಾಟಿನ ತುಂಬಾ ಕೆಂಪು ನೊರೆ.

ಯೀಸ್ಟ್. ಅದರ ಬಗ್ಗೆ ನನಗೆ ಚೆನ್ನಾಗಿಯೇ ಗೊತ್ತಿತ್ತು, ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೆ. ಮುರುಗಲಿನ ಹುಳಿಗೆ ಬ್ಯಾಕ್ಟೀರಿಯಾ ಅಷ್ಟಾಗಿ ಬೆಳೆಯುವುದಿಲ್ಲ, ಆದರೆ ಯೀಸ್ಟ್ ಹುಳಿಗೆ ಹೆದರುವುದಿಲ್ಲ. ಅದನ್ನು ತಡೆಯುತ್ತಿದ್ದದ್ದು ಸಕ್ಕರೆ. ಅಷ್ಟು ಸಕ್ಕರೆ ಇದ್ದಾಗ ನೀರು ಅದಕ್ಕೆ ಸಿಗುವುದಿಲ್ಲ. ನಾನು ಇಳಿಸಿದ್ದು ಸಿಹಿಯನ್ನಷ್ಟೇ ಅಲ್ಲ, ಕಾವಲನ್ನೂ ಇಳಿಸಿದ್ದೆ. ಗೊತ್ತಿದ್ದೂ ಅವತ್ತು ಹೊಳೆಯಲಿಲ್ಲ, ಯಾಕೆಂದರೆ ತಲೆಯಲ್ಲಿ ವಿಜ್ಞಾನ ಒಂದು ಕೋಣೆ, ವ್ಯಾಪಾರ ಇನ್ನೊಂದು ಕೋಣೆ, ನಡುವೆ ಬಾಗಿಲೇ ಇರಲಿಲ್ಲ.

ಆಮೇಲೆ ಪುಣೆಯ ಆ ಕೋರ್ಸಿನಲ್ಲಿ ಇದನ್ನೇ ಪ್ರಾಜೆಕ್ಟ್ ಮಾಡಿಕೊಂಡೆ. ಸಕ್ಕರೆ ಕಡಿಮೆ ಇರಬೇಕು ಅಂದರೆ 85 ಡಿಗ್ರಿಗೆ ಕಾಯಿಸಿ ಬಿಸಿಬಿಸಿಯಾಗಿ ತುಂಬಬೇಕು. ಅದಕ್ಕೆ ಗಾಜಿನ ಬಾಟಲಿ ಬೇಕು, ಭಾರ ಜಾಸ್ತಿ, ಸಾಗಾಟ ದುಬಾರಿ, ಒಮ್ಮೆ ತೆರೆದ ಮೇಲೆ ಫ್ರಿಜ್ಜಿನಲ್ಲೇ ಇಡಬೇಕು. ಕೆಡದಂತೆ ಕಾಯುವ ಸೋಡಿಯಂ ಬೆಂಜೊಯೇಟ್ ಹಾಕಬಹುದು, ಹುಳಿ ಇರುವಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಖರ್ಚೂ ಕಡಿಮೆ, ಆದರೆ ಲೇಬಲ್ ಮೇಲೆ ಅದನ್ನು ಬರೆಯಲೇಬೇಕು, ಮನೆಯಲ್ಲಿ ಮಾಡಿದ್ದು ಅಂತ ಹುಡುಕಿಕೊಂಡು ಬರುವ ಗಿರಾಕಿ ಅದನ್ನು ಓದಿ ವಾಪಸ್ ಇಡುತ್ತಾನೆ. ಸಕ್ಕರೆ ಮೊದಲಿನಷ್ಟೇ ಇಟ್ಟರೆ ಆ ಅಂಗಡಿಯೇ ಕೈಬಿಡುತ್ತದೆ. ಈಗ ಹೇಳು ತಮ್ಮಾ, ಇದರಲ್ಲಿ ಯಾವುದು ವಿಜ್ಞಾನ, ಯಾವುದು ವ್ಯಾಪಾರ? ನಾವು ಕೊನೆಗೆ ಬಿಸಿ ತುಂಬುವ ದಾರಿ ಹಿಡಿದೆವು, 200 ಮಿಲಿಯ ಸಣ್ಣ ಗಾಜಿನ ಬಾಟಲಿ, ಒಂದು ಸಲ ತೆರೆದರೆ ವಾರದಲ್ಲಿ ಮುಗಿಯುವಷ್ಟು.

ನೀನು ಪ್ರಾಣಿಶಾಸ್ತ್ರದವನಲ್ವಾ, ನಿನಗೆ ಒಂದು ಉದಾಹರಣೆ. ಕಿರಣ್ ಮಜುಂದಾರ್ ಶಾ ಓದಿದ್ದೂ ಪ್ರಾಣಿಶಾಸ್ತ್ರವನ್ನೇ, ಆಮೇಲೆ ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆ ಕಲಿತರು. 1978ರಲ್ಲಿ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ 10,000 ರೂಪಾಯಿ ಇಟ್ಟುಕೊಂಡು ಬಯೋಕಾನ್ ಕಂಪನಿ ಶುರು ಮಾಡಿದಾಗ ಮಾರಿದ್ದು ಎರಡೇ ಪದಾರ್ಥ. ಒಂದು ಪಪ್ಪಾಯಿ ಹಾಲಿನಿಂದ ತೆಗೆದ ಕಿಣ್ವ. ಇನ್ನೊಂದು ಐಸಿಂಗ್ಲಾಸ್, ಅಂದರೆ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಒಣಗಿಸಿ ಮಾಡಿದ್ದು, ಬಿಯರ್ ತಿಳಿಯಾಗಲು ಹಾಕುತ್ತಾರೆ. ಕಾರವಾರದ ಮೀನು ಮಾರ್ಕೆಟಿನಲ್ಲಿ ಮೀನು ಕೊಯ್ದು ಹೊಟ್ಟೆ ಬಿಸಾಡುವುದನ್ನು ದಿನಾ ನೋಡುತ್ತೀಯ. ಅದರಲ್ಲಿ ಏನಿದೆ ಅಂತ ನಿನಗೆ ಗೊತ್ತು, ಯಾರಿಗೆ ಬೇಕು ಅಂತ ಹುಡುಕುವುದನ್ನು ಕಲಿಯಬೇಕು, ಅಷ್ಟೇ.

ಕೋರ್ಸಿನ ವಿಷಯಕ್ಕೆ ಬರುತ್ತೇನೆ. ಅಮೆರಿಕದಲ್ಲಿ ವಿಜ್ಞಾನ, ವ್ಯಾಪಾರ ಎರಡೂ ಸೇರಿದ ಇಂಥ ಪದವಿ ಚುರುಕಾಗಿದ್ದು 1997ರಿಂದೀಚೆಗೆ, ಸ್ಲೋನ್ ಫೌಂಡೇಶನ್ ಅನ್ನುವ ದತ್ತಿ ಸಂಸ್ಥೆ ಹಣ ಕೊಟ್ಟಾಗ. ಪ್ರೊಫೆಷನಲ್ ಸೈನ್ಸ್ ಮಾಸ್ಟರ್ಸ್ ಅನ್ನುತ್ತಾರೆ. ಅದೇ ವರ್ಷ ಕ್ಯಾಲಿಫೋರ್ನಿಯಾದ ಕ್ಲೇರ್ಮಾಂಟ್‌ನಲ್ಲಿ ಕೆಕ್ ಗ್ರಾಜುಯೇಟ್ ಇನ್‌ಸ್ಟಿಟ್ಯೂಟ್ ಹುಟ್ಟಿತು, ಅಲ್ಲಿ ವಿದ್ಯಾರ್ಥಿಗಳು ತಂಡ ಕಟ್ಟಿಕೊಂಡು ಒಂದು ಕಂಪನಿಯ ನಿಜವಾದ ಸಮಸ್ಯೆ ಬಿಡಿಸುತ್ತಾರೆ. ನಮ್ಮಲ್ಲಿ ಹೆಸರು ಬೇರೆ ಬೇರೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಅಗ್ರಿ ಬಿಸಿನೆಸ್ ಎಂಬಿಎ ಇದೆ, ಮೊಹಾಲಿಯ ನೈಪರ್‌ನಲ್ಲಿ ಔಷಧ ಉದ್ಯಮಕ್ಕೆ ಬೇಕಾದ ಎಂಬಿಎ ಇದೆ. ಹೆಸರು ನೋಡಿ ಮರುಳಾಗಬೇಡ. ಕಂಪನಿ ಪ್ರಾಜೆಕ್ಟ್ ಎಷ್ಟು ತಿಂಗಳು, ಲ್ಯಾಬಿಗೆ ಹೋಗಲು ಬಿಡುತ್ತಾರಾ, ಪೇಟೆಂಟು, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನಿಯಮ, 2002ರ ಜೀವವೈವಿಧ್ಯ ಕಾಯ್ದೆ ಇವನ್ನೆಲ್ಲ ಯಾರಾದರೂ ಕೂರಿಸಿ ಕಲಿಸುತ್ತಾರಾ ಅಂತ ಹಳೇ ವಿದ್ಯಾರ್ಥಿಗಳನ್ನೇ ಕೇಳು. ಬರೀ ಮಾರ್ಕೆಟಿಂಗ್ ಸ್ಲೈಡು ತೋರಿಸುವ ಕಾಲೇಜಿಗೆ ಸಾಲ ಮಾಡಿ ಫೀಸು ಕಟ್ಟಬೇಡ. ಸಂಶೋಧನೆಯಲ್ಲೇ ಮನಸ್ಸಿದ್ದರೆ, ಪಿಎಚ್‌ಡಿ ಮಾಡುವ ಆಸೆ ಇದ್ದರೆ, ಈ ದಾರಿ ಬೇಡವೇ ಬೇಡ, ಎಂಎಸ್ಸಿ ಮಾಡು.

ಮುಂದೆ ನಿನ್ನದೇ ಐಡಿಯಾ ಇದ್ದರೆ ಜೈವಿಕ ತಂತ್ರಜ್ಞಾನದ ಹೊಸ ಉದ್ಯಮಗಳಿಗೆ ನೆರವಾಗುವ ಕೇಂದ್ರ ಸರ್ಕಾರದ ಸಂಸ್ಥೆ ಬೈರಾಕ್ 18 ತಿಂಗಳಿಗೆ 50 ಲಕ್ಷದವರೆಗೆ ಬಿಗ್ ಅನ್ನುವ ಅನುದಾನ ಕೊಡುತ್ತದೆ. ಅದರ ಅರ್ಜಿಯಲ್ಲೂ ಎರಡನ್ನೂ ಕೇಳುತ್ತಾರೆ, ಇದು ಹೇಗೆ ಕೆಲಸ ಮಾಡುತ್ತದೆ, ಇದನ್ನು ಯಾರು ಕೊಳ್ಳುತ್ತಾರೆ.

ಅಪ್ಪನಿಗೆ ಮೊದಲು ನನ್ನ ಓದು ಏನು ಅಂತ ವಿವರಿಸುವುದೇ ಕಷ್ಟವಾಗಿತ್ತು. ಈ ಸಲ ಉಪ್ಪಾಗೆ ಸಿಪ್ಪೆ ಕೊಡುವಾಗ ನಾನು ತೇವಾಂಶ ಅಳೆಯುವ ಯಂತ್ರ ಅಂಗಳಕ್ಕೇ ತಂದಿಟ್ಟೆ. ವ್ಯಾಪಾರಿ ಎಂದಿನಂತೆ ತೇವ ಅಂದ. ಅಪ್ಪ ಅವನಿಗೆ ಏನೂ ಹೇಳಲಿಲ್ಲ, "ಕೂಸೇ, ಆ ನಂಬರು ಸ್ವಲ್ಪ ಓದು" ಅಂದರು. ಓದಿದೆ. ಆವತ್ತು ತೂಕ ಕಡಿಯಲಿಲ್ಲ.

ಭಾನುವಾರ ಬೆಳಗಿನ ಕುಮಟಾ ಬಸ್ಸಿಗೆ ಬಾ ತಮ್ಮಾ. ಬರುವಾಗ ಮೀನು ಮಾರ್ಕೆಟಿನಲ್ಲಿ ಏನೇನು ಬಿಸಾಡುತ್ತಾರೆ, ಬೆಳಗಿಗೆ ಎಷ್ಟು ಬುಟ್ಟಿ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಬಾ.