ದೀಪ ಹಾಕಿದರೆ ಧಾರವಾಡ ಕೇಳಿಸದಿದ್ದಾಗ

ಗೋವಾದ ವಾಸ್ಕೋ, ಜುವಾರಿನಗರದಲ್ಲಿರುವ ನಮ್ಮ ಕನ್ನಡಿಗರ ಖೋಲಿಗಳಲ್ಲಿ ಇದು ಹಳೆಯ ದೂರು. ಮಧ್ಯಾಹ್ನವೆಲ್ಲ ಸ್ವಚ್ಛವಾಗಿ ಕೇಳುತ್ತಿದ್ದ ಧಾರವಾಡ ಆಕಾಶವಾಣಿ, ಸಂಜೆ ದೀಪ ಹಾಕಿದ ಕೂಡಲೇ ಗೊರ್ರ್ ಎನ್ನುತ್ತದೆ. ರೇಡಿಯೋ ಕೆಟ್ಟಿತೆಂದು ರಿಪೇರಿಗೆ ಒಯ್ಯುವವರೇ ಹೆಚ್ಚು. ಬಹಳ ಸಲ ರೇಡಿಯೋದಲ್ಲಿ ಏನೂ ದೋಷವಿರುವುದಿಲ್ಲ. ಮನೆಯ ಬಲ್ಬು, ರೆಗ್ಯುಲೇಟರ್, ಹೋಲ್ಡರ್, ಇವುಗಳಲ್ಲಿ ಯಾವುದು ಕೆಟ್ಟಿದೆ ಎಂಬುದನ್ನು ಅದು ಹೇಳುತ್ತಿರುತ್ತದೆ. ಆ ಸದ್ದನ್ನು ಗುರುತಿಸಲು ಕಲಿತರೆ ಅದಕ್ಕಿಂತ ಅಗ್ಗದ ತಪಾಸಣೆ ಯಂತ್ರ ಇನ್ನೊಂದಿಲ್ಲ.

ಮೊದಲು ಗಲಾಟೆ ನಿಮ್ಮ ಮನೆಯದೋ ಪಕ್ಕದ್ದೋ ತಿಳಿಯಿರಿ. ರೇಡಿಯೋಗೆ ಸೆಲ್ ಹಾಕಿ, ಮೀಡಿಯಂ ವೇವ್‌ನಲ್ಲಿ ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿ, ಸದ್ದು ಜೋರಾಗಿಡಿ. ಈಗ ಮೇನ್ ಸ್ವಿಚ್ ಇಳಿಸಿ. ಇನ್ವರ್ಟರ್ ಇದ್ದರೆ ಅದನ್ನೂ ಆರಿಸಬೇಕು. ಇಲ್ಲವಾದರೆ ಅರ್ಧ ಮನೆ ಇನ್ನೂ ಚಾಲೂ ಇರುತ್ತದೆ, ಪರೀಕ್ಷೆ ಸುಳ್ಳಾಗುತ್ತದೆ. ಗದ್ದಲ ನಿಂತರೆ ಅದು ನಿಮ್ಮದೇ. ಎಂಸಿಬಿಗಳನ್ನು, ಅಂದರೆ ಮೇನ್ ಪಕ್ಕದ ಸಣ್ಣ ಸ್ವಿಚ್ಚುಗಳನ್ನು, ಎಲ್ಲ ಇಳಿಸಿ, ಮೇನ್ ಏರಿಸಿ, ಅವನ್ನು ಒಂದೊಂದಾಗಿ ಹಾಕುತ್ತ ಹೋಗಿ, ಆಮೇಲೆ ಒಂದೊಂದೇ ಸ್ವಿಚ್. ಹತ್ತು ನಿಮಿಷದಲ್ಲಿ ಕಳ್ಳ ಸಿಗುತ್ತಾನೆ. ರಾತ್ರಿ ದೂರದ ಸ್ಟೇಷನ್‌ಗಳು ಬಂದು ಮೇಲೆ ಬೀಳುವುದು ಬೇರೆ ವಿಷಯ. ಅದರಲ್ಲಿ ಮಾತು, ಹಾಡು, ಸೀಟಿಯಂಥ ದನಿ ಇರುತ್ತದೆ, ಮೇನ್ ಇಳಿಸಿದರೂ ಹೋಗುವುದಿಲ್ಲ.

ಒಂದೇ ಸಮನೆ ದಪ್ಪಗೆ ಗುಂಯ್‌ಗುಡುತ್ತಿದ್ದರೆ ಫ್ಯಾನ್ ರೆಗ್ಯುಲೇಟರ್ ನೋಡಿ. ಗುಂಡಿಯನ್ನು ನುಣ್ಣಗೆ ತಿರುಗಿಸುವ ಅಗ್ಗದ ರೆಗ್ಯುಲೇಟರ್‌ನೊಳಗೆ ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಇರುತ್ತದೆ. ನಮ್ಮ 50 ಹರ್ಟ್ಜ್ ಕರೆಂಟನ್ನು ಅದು ಸೆಕೆಂಡಿಗೆ 100 ಸಲ ಕತ್ತರಿಸುತ್ತದೆ, ಪ್ರತಿ ಕತ್ತರಿಗೂ ರೇಡಿಯೋದಲ್ಲಿ ಒಂದು ಟಿಕ್. ಅದನ್ನು ತೆಗೆದು, ಕಟಕಟ ಎಂದು ಮೆಟ್ಟಿಲು ಮೆಟ್ಟಿಲಾಗಿ ತಿರುಗುವ ಕೆಪಾಸಿಟರ್ ಮಾದರಿ ಹಾಕಿಸಿ. ಇದಕ್ಕೆ ಬೇರೆ ಉಪಾಯ ಹುಡುಕುವುದು ವ್ಯರ್ಥ.

ಎಲ್‌ಇಡಿ ಬಲ್ಬಿನ ಕಥೆ ಸ್ವಲ್ಪ ಉದ್ದ. 230 ವೋಲ್ಟನ್ನು ಇಳಿಸಲು ಬಲ್ಬಿನೊಳಗಿನ ಡ್ರೈವರ್ ಎಂಬ ಸರ್ಕ್ಯೂಟ್ ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಹಚ್ಚಿ ಆರಿಸುತ್ತದೆ. ಆ ಲೆಕ್ಕದ ಎರಡು ಪಟ್ಟು, ಮೂರು ಪಟ್ಟು, ಹತ್ತು ಪಟ್ಟಿನಲ್ಲೂ ಗಲಾಟೆ ಹುಟ್ಟುತ್ತದೆ. ಧಾರವಾಡ ಬರುವುದು 765 ಕಿಲೋಹರ್ಟ್ಜ್‌ನಲ್ಲಿ. ಬಲ್ಬಿನ ಡ್ರೈವರ್ 85 ಕಿಲೋಹರ್ಟ್ಜ್‌ನಲ್ಲಿ ಓಡುತ್ತಿದ್ದರೆ ಅದರ ಒಂಬತ್ತನೇ ಪಟ್ಟು ಸರಿಯಾಗಿ 765ರ ಮೇಲೆಯೇ ಬಂದು ಕೂರುತ್ತದೆ. ಬಲ್ಬು ಬಿಸಿಯಾದಂತೆ ಈ ಸಂಖ್ಯೆ ಅತ್ತಿತ್ತ ಸರಿಯುತ್ತದೆ. ಅದಕ್ಕೇ ಕೆಲವು ಬಲ್ಬುಗಳು ಮೊದಲ ಹತ್ತು ನಿಮಿಷ ಸುಮ್ಮನಿದ್ದು ಆಮೇಲೆ ಕಾಡುತ್ತವೆ. ಒಳ್ಳೆಯ ಬಲ್ಬಿನಲ್ಲಿ ಈ ಗದ್ದಲವನ್ನು ಒಳಗೇ ತಡೆಯುವ ಸಣ್ಣ ಕಾಯಿಲ್, ಕೆಪಾಸಿಟರ್ ಇರುತ್ತವೆ. ಬೆಲೆ ಇಳಿಸುವಾಗ ಮೊದಲು ಹೋಗುವುದೇ ಆ ಎರಡು ಭಾಗ. ಆಗ ಒಳಗೇ ನಿಲ್ಲಬೇಕಿದ್ದ ಗದ್ದಲ ಗೋಡೆಯ ವೈರಿಗೆ ಇಳಿಯುತ್ತದೆ, ಮನೆಯ ವೈರಿಂಗ್ ಪೂರ್ತಿ ಏರಿಯಲ್ ಆಗಿಬಿಡುತ್ತದೆ.

ಬಲ್ಬು ಬದಲಿಸುವುದೇ ಸರಿಯಾದ ಪರಿಹಾರ. ಅಂಗಡಿಯಲ್ಲೇ ಪರೀಕ್ಷಿಸಬಹುದು: ಉರಿಯುವ ಬಲ್ಬಿನಿಂದ ಒಂದು ಮೀಟರ್ ದೂರ ರೇಡಿಯೋ ಹಿಡಿದು ನೋಡಿ. ಎಲ್‌ಇಡಿ ಪಟ್ಟಿಗೆ ಬೇರೆ ಅಡಾಪ್ಟರ್ ಇದ್ದರೆ ಫೆರೈಟ್ ರಿಂಗ್, ಅಂದರೆ ಗದ್ದಲ ತಡೆಯುವ ಕಪ್ಪು ಬಳೆ, ಕೆಲಸ ಮಾಡುತ್ತದೆ. ಪ್ಲಗ್ ತೆಗೆದು, ಅಡಾಪ್ಟರ್‌ನಿಂದ ಪಟ್ಟಿಗೆ ಹೋಗುವ ಎರಡೂ ತಂತಿಗಳನ್ನು ಜೊತೆಯಾಗಿ ರಿಂಗಿನೊಳಗಿಂದ ಐದಾರು ಸುತ್ತು ಸುತ್ತಿ, ಅಡಾಪ್ಟರಿಗೆ ಆದಷ್ಟು ಹತ್ತಿರ. ಮೀಡಿಯಂ ವೇವ್‌ನಲ್ಲಿ ತಡೆ ಹೆಚ್ಚುಕಡಿಮೆ ಸುತ್ತುಗಳ ವರ್ಗದಷ್ಟು ಏರುತ್ತದೆ, ಅಂದರೆ ಐದು ಸುತ್ತಿಗೆ ಇಪ್ಪತ್ತೈದು ಪಟ್ಟು. ಸುಮ್ಮನೆ ಒಂದು ಸಲ ತೂರಿಸಿ, ಏನೂ ಆಗಲಿಲ್ಲ ಎನ್ನುವವರು ಬಹಳ.

ರೇಡಿಯೋ ಇಡುವ ದಿಕ್ಕೂ ಮುಖ್ಯ. ಒಳಗಿನ ಫೆರೈಟ್ ಕಡ್ಡಿ, ರೇಡಿಯೋದ ಉದ್ದಕ್ಕೆ ಮಲಗಿರುವುದು, ತನ್ನ ಅಡ್ಡಕ್ಕೆ ಬರುವ ತರಂಗವನ್ನು ಚೆನ್ನಾಗಿ ಹಿಡಿಯುತ್ತದೆ, ತುದಿಯ ನೇರಕ್ಕೆ ಬರುವುದನ್ನು ಹಿಡಿಯುವುದಿಲ್ಲ. ವಾಸ್ಕೋದಿಂದ ಧಾರವಾಡ ಪೂರ್ವಕ್ಕೆ, ಘಟ್ಟದ ಆಚೆ, ನೇರ ಗೆರೆಯಲ್ಲಿ ಸುಮಾರು 125 ಕಿಲೋಮೀಟರ್. ಹಾಗಾಗಿ ರೇಡಿಯೋದ ಉದ್ದ ಉತ್ತರ-ದಕ್ಷಿಣವಾಗಿರಲಿ, ಕಾಡುವ ಬಲ್ಬು ಅದರ ಎಡ ಅಥವಾ ಬಲ ತುದಿಯ ನೇರಕ್ಕೆ ಬರುವಂತೆ ಜಾಗ ಆರಿಸಿ. ಪೂರ್ವದ ಕಿಟಕಿ ಇದ್ದರೆ ಇನ್ನೂ ಒಳ್ಳೆಯದು. ಬಲ್ಬಿನಿಂದ ಒಂದೆರಡು ಮೀಟರ್ ಸರಿಸಿದರೂ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ.

ಸ್ವಿಚ್ ಆರಿಸಿದ ಮೇಲೂ ಎಲ್‌ಇಡಿ ಮಂಕಾಗಿ ಮಿಣುಕುತ್ತದೆಯೇ? ಬೋರ್ಡಿನಲ್ಲಿ ಬೇರೆಯಾಗಿ ಕೂತ ಕೆಂಪು ಇಂಡಿಕೇಟರ್ ಇದಕ್ಕೆ ಕಾರಣವಲ್ಲ. ಸ್ವಿಚ್ಚಿನ ಹೊಟ್ಟೆಯೊಳಗೇ ಇಂಡಿಕೇಟರ್ ಇದ್ದರೆ, ಅದರ ಸಣ್ಣ ಕರೆಂಟು ಬಲ್ಬಿನೊಳಗೆ ಹರಿದು ಡ್ರೈವರ್‌ನ ಕೆಪಾಸಿಟರ್ ತುಂಬಿಸುತ್ತದೆ. ತುಂಬಿದಾಗೊಮ್ಮೆ ಬಲ್ಬು ಮಿಂಚುತ್ತದೆ. ಇಂಡಿಕೇಟರ್ ಇಲ್ಲದ ಸ್ವಿಚ್ ಹಾಕಿಸಿ. ಅದು ಬೇಡವೆಂದರೆ ಹೋಲ್ಡರಿನ ಎರಡು ತುದಿಗೆ 0.1 ಮೈಕ್ರೋಫ್ಯಾರಡ್, 275 ವೋಲ್ಟ್ ಎಸಿ, ಎಕ್ಸ್2 ಎಂದು ಬರೆದ ಕೆಪಾಸಿಟರನ್ನೇ ವೈರ್‌ಮನ್ ಕೈಯಲ್ಲಿ ಕೂರಿಸಿ, ಬೇರೆ ಯಾವುದೂ ಬೇಡ. ಇಂಡಿಕೇಟರ್ ಇಲ್ಲದೆಯೂ ಮಿಣುಕಿದರೆ ಸ್ವಿಚ್ ಆರಿಸಿ, ಬಲ್ಬು ಹೋಲ್ಡರಿನಲ್ಲೇ ಇರುವಾಗ ವೈರ್‌ಮನ್ ಹೋಲ್ಡರಿನ ತುದಿಗಳಿಗೆ ಟೆಸ್ಟರ್ ಇಟ್ಟು ನೋಡಲಿ. ಎರಡೂ ಕಡೆ ಹತ್ತಿದರೆ ಸ್ವಿಚ್ಚು ಕರೆಂಟು ಬರುವ ಫೇಸ್ ತಂತಿಯ ಬದಲು ಅದು ಮರಳುವ ನ್ಯೂಟ್ರಲ್ ತಂತಿಯಲ್ಲಿದೆ. ಬಲ್ಬು ಆರಿದ್ದರೂ ಹೋಲ್ಡರ್ ಶಾಕ್ ಹೊಡೆಯುತ್ತದೆ. ಅಂದೇ ಸರಿ ಮಾಡಿಸಬೇಕು.

ಹಳೆಯ ಟ್ಯೂಬ್‌ಲೈಟಿನ ಎರಡು ತುದಿ ಮಾತ್ರ ಕೆಂಪಗೆ ಉರಿದು ನಡು ಹತ್ತದಿದ್ದರೆ ಸ್ಟಾರ್ಟರ್ ಬದಲಿಸಿ. ರೇಡಿಯೋ ಗದ್ದಲ ತಡೆಯಲೆಂದೇ ಅದರೊಳಗಿಟ್ಟ ಪುಟ್ಟ ಕೆಪಾಸಿಟರ್ ಶಾರ್ಟ್ ಆಗಿರಬಹುದು. ಸಿಎಫ್‌ಎಲ್ ಹಾಕಿದಾಗ ಟಿವಿ ರಿಮೋಟ್ ಕೆಲಸ ಮಾಡದಿದ್ದರೆ, ರಿಮೋಟ್ ಬಳಸುವ 38 ಕಿಲೋಹರ್ಟ್ಜ್‌ನ ಹತ್ತಿರವೇ ಆ ದೀಪವೂ ಮಿಡಿಯುತ್ತಿದೆ ಎಂದು ತಿಳಿಯಿರಿ. ದೀಪದ ಬೆಳಕು ಟಿವಿಯ ಮುಖಕ್ಕೆ ಬೀಳದಂತೆ ಮಾಡಿದರೆ ಸಾಕು.

ಎಲ್ಲಕ್ಕಿಂತ ಗಮನ ಕೊಡಬೇಕಾದದ್ದು ಲಯವಿಲ್ಲದ ಕರಕರ ಸದ್ದು, ಜೊತೆಗೆ ಬೆಳಕಿನ ನಡುಕ. ಎಲ್ಲೋ ಸಡಿಲ ಜೋಡಣೆಯಲ್ಲಿ ಕಿಡಿ ಹಾರುತ್ತಿದೆ. ಸಮುದ್ರದ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಇವೆರಡರ ನಡುವೆ ಹೋಲ್ಡರಿನ ಹಿತ್ತಾಳೆ ಪಿನ್ನಿಗೆ ಹಸಿರು ಕಿಲುಬು ಹಿಡಿಯುತ್ತದೆ, ಸ್ಪ್ರಿಂಗ್ ಸೋಲುತ್ತದೆ. ಉಜ್ಜಿ ಮತ್ತೆ ಬಳಸಬೇಡಿ, ಹೋಲ್ಡರ್ ಬದಲಿಸಿ. ಸ್ವಿಚ್ ಬೋರ್ಡ್ ಮುಟ್ಟಿದರೆ ಬೆಚ್ಚಗಿದ್ದರೆ, ಸುಟ್ಟ ವಾಸನೆ ಬಂದರೆ ಮೇನ್ ಇಳಿಸಿ ವೈರ್‌ಮನ್ ಕರೆಯಿರಿ.

ಒಂದು ಕೋಣೆಯ ಬಲ್ಬು ವಿಪರೀತ ಬೆಳಗುತ್ತ, ಇನ್ನೊಂದರದು ಮಂಕಾಗುತ್ತಿದ್ದರೆ ಕಟ್ಟಡಕ್ಕೆ ಬರುವ ನ್ಯೂಟ್ರಲ್ ಸಡಿಲವಾಗಿದೆ. ಮೂರು ಫೇಸಿನ ಕಟ್ಟಡದಲ್ಲಿ ಆಗ ಒಂದು ಕಡೆಯ ವೋಲ್ಟೇಜು 400ರ ಹತ್ತಿರ ಹೋಗಬಹುದು. ಏನನ್ನೂ ಹುಡುಕುತ್ತ ಕೂರದೆ ಮೇನ್ ಇಳಿಸಿ, ನೆರೆಯವರಿಗೂ ಹೇಳಿ, ವಿದ್ಯುತ್ ಇಲಾಖೆಯ ಲೈನ್‌ಮನ್ ಕರೆಯಿರಿ. ನ್ಯೂಟ್ರಲ್ ಬಿಗಿಯಾಗಿ, ವೋಲ್ಟ್ ಮೀಟರಿನಲ್ಲಿ 230ರ ಆಸುಪಾಸು ನಿಂತದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಫ್ರಿಜ್ಜು, ಟಿವಿಗಳ ಪ್ಲಗ್ ಹಾಕಿ.