ಡಿಎನ್‌ಡಬ್ಲ್ಯೂ ಅಂದ್ರೆ ವಾಯವ್ಯ ಅಲ್ಲ

ಪುಣೆಯಲ್ಲಿ ಏನು ಕೆಲಸ ಅಂತ ಜಮಖಂಡಿಯಲ್ಲಿ ಯಾರಾದರೂ ಕೇಳಿದರೆ "ಬೋಕಿ ತೊಳೀತೀನಿ" ಅಂತೀನಿ. ತಮಾಷೆ ಅಂದ್ಕೋತಾರೆ. ಹನ್ನೊಂದು ವರ್ಷದಿಂದ ನಿಜಕ್ಕೂ ಅದೇ ಕೆಲಸ. ಪುರಾತತ್ವದವರು ಅಗೆಯೋ ಸೈಟಿಂದ ಬಂದ ಹಳೇ ಗಡಿಗೆ ಚೂರಿನ ಚೀಲ ಬಿಚ್ಚು, ತೊಳಿ, ಒಣಗಿಸು, ನಂಬರ್ ಬರಿ, ರಿಮ್ಮು ಬೇಸು (ಬಾಯಿ, ತಳ) ಬೇರೆ ಮಾಡು, ಬಾಡಿ ಶೆರ್ಡ್ ಅಂದ್ರೆ ಹೊಟ್ಟೆಭಾಗದ ಚೂರು ಎಣಿಸಿ ಪಕ್ಕಕ್ಕಿಡು, ಎಕ್ಸೆಲ್‌ಗೆ ಏರಿಸು.

ಸಂಸ್ಥೆಯ ಹೆಸರು ಬೇಡ. ಆ ವಾರ ಗುರುವಾರಕ್ಕೆ ಯಾರೋ ದೊಡ್ಡವರು ಬರೋರಿದ್ದರು. ಹರಪ್ಪನ್ ನಗರದ ಮಾಲು, ಟ್ರೇಗಳು ಲಕಲಕ ಅನ್ನಬೇಕು, ಫೋಟೋ ತೆಗೀತಾರೆ ಅಂತ ಸಾಹೇಬರ ಫರ್ಮಾನು. ಫೋಟೋ ಹಿಂದೆ ಕಟ್ಟೋಕೆ ಹೊಸ ಕಪ್ಪು ಮಖಮಲ್ ಬಂತು. ಎರಡು ವರ್ಷದಿಂದ ಬೇಡ್ತಾ ಇರೋ ಲೇಬಲ್ ಪ್ರಿಂಟರ್ ಬರಲಿಲ್ಲ.

ಮಂಗಳವಾರ ಊಟ ಮುಗಿಸಿ ಬಂದು ಕೊನೇ ಕ್ರೇಟ್ ತೆಗೆದೆ. ಅದರೊಳಗೆ ಬುತ್ತಿ ಚಪಾತಿ ಸುತ್ತಿದ ಹಾಗೆ ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಏಳು ಪೊಟ್ಟಣ. ಒಂದೊಂದರ ಮೇಲೂ ಮಾರ್ಕರ್‌ನಲ್ಲಿ ಡಿಎನ್‌ಡಬ್ಲ್ಯೂ. ನಮ್ಮ ಟ್ರೆಂಚ್‌ಗಳಿಗೆ, ಅಂದ್ರೆ ಅಗೆಯೋ ಗುಂಡಿಗಳಿಗೆ, ಎ, ಬಿ, ಸಿ, ಡಿ ಅಂತಲೇ ಹೆಸರು. ಡಿ ಟ್ರೆಂಚು, ನಾರ್ತ್ ವೆಸ್ಟ್ ಕ್ವಾಡ್ರಂಟ್, ಅಂದ್ರೆ ಗುಂಡಿಯ ವಾಯವ್ಯದ ಕಾಲುಭಾಗ. ಇದರಲ್ಲಿ ಯೋಚನೆ ಮಾಡೋದೇನಿದೆ? ಕ್ವಾಡ್ರಂಟ್ ಕಾಲಮ್ಮಿನಲ್ಲಿ ಹಾಗೇ ಟೈಪ್ ಮಾಡಿ, ಫಾಯಿಲ್ ಉಂಡೆ ಮಾಡಿ ಕಸದ ಬುಟ್ಟಿಗೆ ಎಸೆದೆ.

ಮೂರು ಸಲೀಸಾಗಿ ಸ್ವಚ್ಛ ಆದವು. ನಾಲ್ಕನೆಯದು ಅಡುಗೆ ಗಡಿಗೆಯ ತಳ, ಒಳಗೆಲ್ಲ ಕರಿ ಸೀಕಲು. ನಮ್ಮವ್ವ ಹಾಲು ಕಾಯಿಸಿ ಮರೆತ ಪಾತ್ರೆ ಹೇಗಿರುತ್ತಿತ್ತೋ ಹಾಗೆ. ಟೂತ್‌ಬ್ರಶ್‌ಗೆ ಬಗ್ಗಲಿಲ್ಲ. ಹತ್ತು ನಿಮಿಷ ನೆನೆಸಿಟ್ಟು, ಬಿದಿರು ಕಡ್ಡಿಯಲ್ಲಿ ಕೆರೆದು ಮತ್ತೆ ಉಜ್ಜಿದೆ. ನೀರು ಮೊದಲು ಕಪ್ಪಾಗಿ, ಆಮೇಲೆ ಬೂದಿ ಬಣ್ಣವಾಗಿ, ಕೊನೆಗೆ ತಿಳಿಯಾಗಿ ಹರಿಯಿತು. ಒಳಗಿಂದ ಚೆಂದದ ಕೆಂಪು ಮಣ್ಣು ಕಾಣಿಸಿತು. ಬೆನ್ನು ತಟ್ಟಿಕೊಳ್ಳೋ ಹಾಗಿತ್ತು.

ಮೂರು ಗಂಟೆಗೆ ರೆಸಿಡ್ಯೂ ಮೇಡಂ ಬಂದರು, ಗಡಿಗೆಗೆ ಅಂಟಿ ಉಳಿದ ಅಡುಗೆಯ ಜಿಡ್ಡು, ಕೊಳೆ ಪರೀಕ್ಷಿಸೋರು. ಕೈಗವಸು ಹಾಕಿಕೊಂಡೇ ಬಂದಿದ್ದರು, ಅದನ್ನು ನೋಡಿದಾಗಲಾದರೂ ತಲೆಗೆ ಹೊಳೀಬೇಕಿತ್ತು. "ಫಾಯಿಲ್ ಪ್ಯಾಕೆಟ್ ಕುಠೆ?" ಅಂದರು. ನಾನು ನಗ್ತಾ ಒಣಹಾಕಿದ ಚಾಪೆ ತೋರಿಸಿದೆ. ಅವರು ಚಿಮಟದಲ್ಲಿ ಗಡಿಗೆಯ ತಳ ಎತ್ತಿ, ಒಳಗೆ ನೋಡಿ, ತಿರುಗಿಸಿ ಮತ್ತೆ ಒಳಗೆ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಮಾತೇ ಇಲ್ಲ. ಸಿಂಕಿನ ನಲ್ಲಿ ತೊಟ್ಟಿಕ್ಕೋದು ಕೇಳಿಸ್ತಿತ್ತು. ನಾನಿನ್ನೂ ನಗ್ತಾನೇ ಇದ್ದೆ. ಈಗಲೂ ಚುಚ್ಚೋದು ಆ ನಗುವೇ.

"ಡು ನಾಟ್ ವಾಷ್" ಅಂದರು ಕೊನೆಗೆ, ಮೆಲ್ಲಗೆ.

ಹರಪ್ಪನ್ನರ ಇಟ್ಟಿಗೆ 1:2:4 ಅಳತೆ, ಮೊಹೆಂಜೊದಾರೊದ ಮುಚ್ಚಿದ ಚರಂಡಿ, ಈಜುಕೊಳದ ಹಾಗಿರೋ ಸ್ನಾನದ ಕೊಳ, ಇವೆಲ್ಲ ಶಾಲೆ ಪುಸ್ತಕದಲ್ಲೇ ಇವೆ. ಊರು ಕಟ್ಟಿದ್ದು ಹೇಗೆ ಅಂತ ಅವು ಹೇಳ್ತವೆ. ಸಂಜೆ ಒಲೆ ಮೇಲೆ ಏನಿತ್ತು ಅನ್ನೋದು ಗಡಿಗೆಯ ಕೊಳೆಯಲ್ಲಿದೆ. ಹರಿಯಾಣದ ಫರ್ಮಾಣಾದಲ್ಲಿ ಗಡಿಗೆಗಳ ಮೇಲೂ ಸತ್ತವರ ಹಲ್ಲಿನ ಮೇಲೂ ಅರಿಶಿನ, ಶುಂಠಿಯ ಪಿಷ್ಟದ ಕಣ ಸಿಕ್ಕಿವೆ. ಕಛ್‌ನ ಕೊಟಡಾ ಭಡ್ಲಿಯ 59 ಚೂರು ಪರೀಕ್ಷಿಸಿ, ಅಲ್ಲಿ ಹಾಲಿನ ಪದಾರ್ಥ ಬಳಸ್ತಿದ್ದರು ಅಂತ 2020ರಲ್ಲಿ ತೋರಿಸಿದರು. ಇದೆಲ್ಲ ನನಗೆ ಗೊತ್ತಿತ್ತು, ಪೋಸ್ಟರ್ ನಮ್ಮ ಕಾರಿಡಾರಿನಲ್ಲೇ ಇದೆ. ನಾನು ಉಜ್ಜೋ ಕರಿಯೇ ಅದು ಅಂತ ಮಾತ್ರ ಹೊಳೀಲಿಲ್ಲ.

ಜಿಡ್ಡು ಮಣ್ಣಿನ ಗೋಡೆಯೊಳಗೆ ಇಂಗಿರುತ್ತೆ, ತೊಳೆದರೂ ಸ್ವಲ್ಪ ಉಳಿಯಬಹುದು ಅಂತ ಮೇಡಂ ಸಮಾಧಾನ ಮಾಡಿಕೊಂಡರು. ಸೀಕಲು ಮಾತ್ರ ಹೋಯಿತು. ಮೊಹೆಂಜೊದಾರೊದ ಚರಂಡಿ ಆಗಿದ್ದರೆ ಚಪ್ಪಡಿ ಎತ್ತಿ ಹೂಳು ಸೋಸಬಹುದಿತ್ತು. ನಮ್ಮದು ಪಿವಿಸಿ ಪೈಪು, ಸೀದಾ ಮುಠಾ ನದಿಗೆ.

ಅಷ್ಟಕ್ಕೇ ಮುಗಿದಿದ್ದರೆ ಪರವಾಗಿರಲಿಲ್ಲ. ಪ್ಲಾಸ್ಟಿಕ್ ಚೀಲದ ಅಂಶ ಕೂಡ ಚೂರಿಗೆ ತಾಗಬಾರದು ಅಂತಲೇ ಫಾಯಿಲ್ ಸುತ್ತಿದ್ದಂತೆ. "ಬರಿಗೈಲಿ ತೊಳೆದ್ರಾ? ಊಟಕ್ಕೆ ಏನಿತ್ತು?"

"ರೊಟ್ಟಿ, ಶೇಂಗಾ ಚಟ್ನಿ."

ಹಿಂದೆ ನಿಂತಿದ್ದ ನಮ್ಮ ಫೋಟೋಗ್ರಾಫರ್, ಬೀಳಗಿ ಹುಡುಗ, ತಡೀಲಾರದೆ ಅಂದ: "ಅಣ್ಣಾ, ಇನ್ನ್ ಹರಪ್ಪಾದಾಗ ಶೇಂಗಾ ಬೆಳೀತಿದ್ರು ಅಂತ ಪೇಪರ್ ಬರತೈತಿ ನೋಡು." ಶೇಂಗಾ ನಮ್ಮ ದೇಶದ್ದೇ ಅಲ್ಲ, ದಕ್ಷಿಣ ಅಮೆರಿಕದ್ದು, ಇಲ್ಲಿಗೆ ಬಂದು ಐದು ನೂರು ವರ್ಷ ಆಗಿದ್ದರೆ ಹೆಚ್ಚು. ಮೇಡಂ ನಗಲಿಲ್ಲ.

ಸಾಹೇಬರು ನನಗೆ ಮೆಮೊ ಕೊಟ್ಟರು. ಸಹಿ ಹಾಕಿದೆ, ತಪ್ಪು ನನ್ನದೇ. ಆದರೆ ಮೂರು ಅಕ್ಷರ ಗೀಚಿ ಕಳಿಸಿದ ಸೈಟಿನವರಿಗೆ, ಎಲ್ಲ ಕ್ರೇಟೂ ಒಂದೇ ಟೆಂಪೋದಲ್ಲಿ ತುಂಬಿಸಿದವರಿಗೆ ಯಾವ ಮೆಮೊನೂ ಹೋಗಲಿಲ್ಲ. ಗುರುವಾರ ಬಂದ ದೊಡ್ಡವರು ಅದೇ ಕೆಂಪು ತಳ ಕೈಗೆತ್ತಿಕೊಂಡು "ಎಷ್ಟು ಸ್ವಚ್ಛ ಇಟ್ಟಿದೀರಿ" ಅಂದರು. ನಾನು ಮಖಮಲ್ ಸರಿಮಾಡ್ತಾ ನಿಂತಿದ್ದೆ.

ಉಳಿದ ಮೂರು ಪೊಟ್ಟಣ ಲ್ಯಾಬಿಗೆ ಹೋದವು. ನಾನು ತೊಳೆದ ನಾಲ್ಕೂ ಹೋದವು, ಕೈಯಿಂದ ಏನು ಸೇರಿದೆ ಅಂತ ಹೋಲಿಸಿ ನೋಡ್ತೀನಿ ಅಂದರು ಮೇಡಂ. ಅದಕ್ಕೆ ಮರುದಿನ ಮನೆಯಿಂದ ಎರಡು ಚಮಚ ಶೇಂಗಾ ಚಟ್ನಿ ತರಿಸಿಕೊಂಡರು. ಈಗ ಅದು ಲ್ಯಾಬ್ ಫ್ರಿಜ್ಜಿನಲ್ಲಿ ಫಾಯಿಲ್ ಸುತ್ತಿಕೊಂಡು ಕೂತಿದೆ, ಮೇಲೆ ನಂಬರು, ತಾರೀಖು. ಹೆಂಡತಿಗೆ ಇನ್ನೂ ಹೇಳಿಲ್ಲ.